ಮಾವನವರ ಮನೆಯ ವೈ-ಫೈ, ನಮ್ಮ ಮನೆಯ ವೈರು

ಯಾರದ್ದಾದರೂ ಮನೆಯಲ್ಲಿ ಇಂಟರ್‌ನೆಟ್ ನಿಧಾನವಾಯಿತೆಂದರೆ ನನಗೆ ಅನ್ನವೂ ಅವಮಾನವೂ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು. ಎರಡು ಸಾವಿರದ ಎಂಟು-ಒಂಬತ್ತರ ಸುಮಾರಿನ ಮಾತು. ಅರಸೀಕೆರೆಯ ಕಡೆ ಒಂದೊಂದೇ ಮನೆಗೆ ಬ್ರಾಡ್‌ಬ್ಯಾಂಡ್ ಬಂದು, ಅದರ ಬೆನ್ನಿಗೇ ವೈ-ಫೈ ಡಬ್ಬಿಗಳೂ ಬರತೊಡಗಿದ್ದವು. ನಾನು ಕಂಪ್ಯೂಟರ್ ರಿಪೇರಿಯವನು. ಬಾಣಾವರ, ಹಳೇಬೀಡು, ಬೇಲೂರು ಎಂದು ಬಸ್ಸಿನಲ್ಲಿ ತಿರುಗುತ್ತಿದ್ದೆ. ಹೆಗಲ ಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪು, ಒಂದು ಸುರುಳಿ ವೈರು. ನನ್ನ ವಿದ್ಯೆಯೆಲ್ಲ ಇಷ್ಟೇ: ಮೊದಲು ವೈರು ಚುಚ್ಚಿ ನೋಡುವುದು, ಆಮೇಲೆ ವೈರು ಕಿತ್ತು ನೋಡುವುದು. ವೈರಿನಲ್ಲಿ ಓಡಿ ವೈ-ಫೈನಲ್ಲಿ ಕುಂಟಿದರೆ ತಪ್ಪು ಮನೆಯೊಳಗಿನದು. ಎರಡರಲ್ಲೂ ಕುಂಟಿದರೆ ಹೊರಗಿನ ಲೈನಿನದು. ಇಷ್ಟು ಹೇಳಿ ಮುಗಿಸುವುದರೊಳಗೆ ಮನೆಯವರು ಮೂರನೆಯ ಕಾರಣವೊಂದನ್ನು ಕಂಡುಹಿಡಿದಿರುತ್ತಿದ್ದರು. ಅದು ನಾನು.

ನಕ್ಕು ಮರೆಯಬಹುದಿತ್ತು, ನಮ್ಮ ಮಾವನವರು ಇಲ್ಲದಿದ್ದರೆ. ಅವರು ಶಿರಸ್ತೇದಾರರಾಗಿ ನಿವೃತ್ತರಾದವರು. ಅದೇ ಅರಸೀಕೆರೆಯಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸ್ವಂತ ಮನೆ. ನಮ್ಮ ಮದುವೆಯ ದಿನವೇ ಮಗಳಿಗೆ ಹೇಳಿದ್ದರು, ನಿನ್ನ ಗಂಡನಿಗೆ ಖಾಯಂ ನೌಕರಿ ಆದ ದಿನ ನಿಮ್ಮ ಮನೆ ಹೊಸಿಲು ತುಳಿಯುತ್ತೇನೆ ಎಂದು. ಆರು ವರ್ಷವಾಗಿತ್ತು, ತುಳಿದಿರಲಿಲ್ಲ. ನಮ್ಮ ಮಗುವಿನ ನಾಮಕರಣಕ್ಕೂ ಬರದೆ ಬೆಳ್ಳಿ ಬಟ್ಟಲು ಕಳಿಸಿದರು. ನನ್ನ ಹೆಂಡತಿ ಪ್ರತಿ ಯುಗಾದಿಗೂ ಅಪ್ಪನಿಗೆಂದು ನಾಲ್ಕು ಹೋಳಿಗೆ ಹೆಚ್ಚಿಗೆ ತಟ್ಟಿ ಬಾಗಿಲ ಕಡೆ ನೋಡುತ್ತಿದ್ದಳು. ಸಂಜೆಯಾದ ಮೇಲೆ ಆ ನಾಲ್ಕನ್ನೂ ನನ್ನ ಎಲೆಗೆ ಹಾಕುತ್ತಿದ್ದಳು. ನನಗೆ ಹೋಳಿಗೆ ಎಂದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೌಕರಿಯಂತೂ ಸಿಗಲಿಲ್ಲ. ಕೆಲಸದಲ್ಲಾದರೂ ಹೆಸರು ಬಂದರೆ, ಅದು ಅವರ ಕಿವಿಗೆ ಬಿದ್ದರೆ, ಮನಸ್ಸು ಕರಗೀತು ಎಂದು ನಾನು ಕಾಯುತ್ತಿದ್ದೆ. ಕಿವಿಗೆ ಬೀಳುತ್ತಿದ್ದುದು ಬೇರೆ.

ಬೀರುವಿನೊಳಗೆ

ನಮ್ಮೂರಿನ ಕೊಬ್ಬರಿ ಮಂಡಿ ಸಾಹುಕಾರರೊಬ್ಬರು ಹೇಳಿಕಳಿಸಿದರು. ಬೆಳಿಗ್ಗೆ ವೈ-ಫೈ ಚೆನ್ನಾಗಿರುತ್ತದಂತೆ, ಅವರು ತಿಂಡಿ ತಿಂದು ಮೇಲೇಳುವಷ್ಟರಲ್ಲಿ ಸತ್ತೇ ಹೋಗುತ್ತದಂತೆ. ಹೋಗಿ ಮನೆಯೆಲ್ಲ ಹುಡುಕಿದೆ, ಡಬ್ಬಿ ಕಾಣಲಿಲ್ಲ. ಎಲ್ಲಿಟ್ಟಿದ್ದೀರಿ ಎಂದರೆ, ಭದ್ರವಾಗಿದೆ ಎಂದರು. ಸೊಂಟದ ಕೀಲಿಕೈ ತೆಗೆದು ಕಬ್ಬಿಣದ ಬೀರು ತೆರೆದರು. ರೇಷ್ಮೆ ಸೀರೆಗಳಿಗೂ ಜಮೀನಿನ ಪತ್ರಗಳಿಗೂ ನಡುವೆ ವೈ-ಫೈ ದೀಪ ಮಿನುಗಿಸುತ್ತ ಕೂತಿತ್ತು. ಬೆನ್ನಿಗೆ ತೂತು ಕೊರೆಸಿ ಫೋನ್ ಲೈನನ್ನೂ ಕರೆಂಟನ್ನೂ ಒಳಕ್ಕೆ ಕೊಟ್ಟಿದ್ದರು. ಬೆಳಿಗ್ಗೆ ಬೀರು ತೆರೆದಿರುವಷ್ಟು ಹೊತ್ತು ಅದಕ್ಕೆ ಉಸಿರು.

ಕಬ್ಬಿಣದೊಳಗಿಂದ ಅದು ಆಚೆ ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ಬಾಗಿಲಿಗೆ ಕನ್ನಡಿ ಇದೆಯಲ್ಲ, ಗಾಜಿನಿಂದ ಬರಬಾರದೇಕೆ ಎಂದು ವಾದ ಹೂಡಿದರು. ಕೊನೆಗೆ ನನ್ನ ವೈರು ಚುಚ್ಚಿ ತೋರಿಸಿದೆ. ಪುಟ ಪಟಪಟನೆ ತೆರೆಯಿತು. ಸಾಹುಕಾರರು ಖುಷಿಯಾಗಿ ವೈರನ್ನು ಅಲ್ಲೇ ಬಿಟ್ಟು ಹೋಗಲು ಹೇಳಿದರು. ಡಬ್ಬಿಯನ್ನು ಹೊರಗಿಡುವುದಾಗಿ ಮಾತೂ ಕೊಟ್ಟರು.

ಹದಿನೈದು ದಿನ ಬಿಟ್ಟು ಹೇಗಿದೆ ಎಂದು ವಿಚಾರಿಸಿದೆ. ಡಬ್ಬಿ, ವೈರು, ತಮ್ಮ ಲ್ಯಾಪ್‌ಟಾಪು ಮೂರನ್ನೂ ಬೀರುವಿನೊಳಗೇ ಸೇರಿಸಿ ಬೀಗ ಹಾಕಿದ್ದರು. "ಒಳಗೆ ಚೆನ್ನಾಗೇ ಓಡ್ತಿರಬೇಕು ಕಣ್ರೀ," ಎಂದರು, "ತೆಗೆದು ನೋಡೋಕೆ ನನಗೇ ಪುರುಸೊತ್ತಿಲ್ಲ."

ಮಾವನವರಿಗೆ ಮುಟ್ಟಿದ ಸುದ್ದಿ ಇದಲ್ಲ. ಅಳಿಯ ಯಾರದೋ ಮನೆಯ ಬೀರು ತೆಗೆಸಿದನಂತೆ ಎಂಬುದು.

ಆಯುಧಪೂಜೆಯ ಮಾರನೆಯ ದಿನ

ಹಳೇಬೀಡಿನಲ್ಲಿ ಕೆರೆಯ ಕಡೆಗಿನ ಒಂದು ಮನೆ. ಅರ್ಧ ಗಂಟೆ ನೆಟ್ ಬಂದು ಆಮೇಲೆ ನಿಂತುಹೋಗುತ್ತಿತ್ತು. ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಅರ್ಧ ಗಂಟೆ. ವೈರು ಚುಚ್ಚಿದೆ, ಹಾಗೇ ಆಯಿತು. ಡಬ್ಬಿ ಮುಟ್ಟಿದರೆ ಕೈ ಸುಟ್ಟಿತು. ಹಿಂದಿನ ದಿನ ಕುಡುಗೋಲು, ಸ್ಕೂಟರು, ಮಿಕ್ಸಿಯ ಜೊತೆ ಅದಕ್ಕೂ ಪೂಜೆಯಾಗಿತ್ತು. ಗಾಳಿಯಾಡುವ ಸಂದುಗಳಿಗೆಲ್ಲ ವಿಭೂತಿ ಮೆತ್ತಿ, ಮೇಲೆ ಕುಂಕುಮ ಸುರಿದು, ಆಂಟೆನಾಕ್ಕೆ ಚೆಂಡುಹೂವಿನ ಹಾರ ಬಿಗಿಯಾಗಿ ಸುತ್ತಿದ್ದರು.

ಹಾರ ತೆಗೆಯಬೇಕು ಎಂದೆ. ಮನೆಯ ಅಜ್ಜಿ ಬಿಡಲಿಲ್ಲ. ಏರಿಸಿದ ಹೂವನ್ನು ಕಂಡಕಂಡ ಹೊತ್ತಿನಲ್ಲಿ ಇಳಿಸಬಾರದಂತೆ. ನಾಳೆ ಶುಕ್ರವಾರ, ಆಗಲೂ ಕೂಡದು. ಕೊನೆಗೆ ಭಾನುವಾರ ಎರಡನೇ ಸಲ ಬಸ್ಸು ಹತ್ತಿ ಹೋಗಿ, ಡಬ್ಬಿ ಬಿಚ್ಚಿ, ಬ್ರಷ್ಷಿನಿಂದ ಕೆರೆದು ತೆಗೆದೆ. ಒಳಗೆ ಒಂದು ಹಿಡಿ ಕುಂಕುಮ ಇತ್ತು. ಅಜ್ಜಿ ಅದನ್ನು ಕಸಕ್ಕೆ ಹಾಕಗೊಡದೆ ಕಾಗದದಲ್ಲಿ ಕಟ್ಟಿ, ಮನೆಯವರಿಗೆ ಕೊಡಪ್ಪ ಎಂದು ನನ್ನ ಜೇಬಿಗೆ ಇಟ್ಟರು.

ನನ್ನ ಹೆಂಡತಿ ಹಣೆಗೆ ಇಟ್ಟುಕೊಂಡು, ಉಳಿದಿದ್ದನ್ನು ಅಪ್ಪನ ಮನೆಗೂ ತೆಗೆದುಕೊಂಡು ಹೋದಳು. ಮಾವನವರು ಚಪ್ಪಲಿ ಬಿಟ್ಟು, ಪೂರ್ವಕ್ಕೆ ತಿರುಗಿ, ಕಣ್ಣು ಮುಚ್ಚಿ ಹಣೆಗೆ ಹಚ್ಚಿಕೊಂಡು, ಎಲ್ಲಿಯ ಪ್ರಸಾದ ಎಂದು ಕೇಳಿದರಂತೆ. ಹಳೇಬೀಡಿನದು ಎಂದಳಂತೆ. ಸುಳ್ಳೇನಲ್ಲವಲ್ಲ.

ಕರಿಬೇವು

ಬೇಲೂರಿನಲ್ಲಿ ಸ್ಕೂಲ್ ಟೀಚರೊಬ್ಬರ ಮನೆ. ಬಂಗಾರದಂಥ ಹೆಂಗಸು, ಬಂದವರಿಗೆ ಮೊದಲು ಮಜ್ಜಿಗೆ, ಆಮೇಲೆ ಮಾತು. ಅಲ್ಲಿ ವೈರಿನಲ್ಲೂ ನಿಧಾನ, ವೈ-ಫೈನಲ್ಲೂ ನಿಧಾನ. ಲೈನಿನ ತಪ್ಪೆಂದು ಹೇಳಿ ಎದ್ದುಬಿಡುತ್ತಿದ್ದೆ. ಯಾಕೋ ಅನುಮಾನ ಬಂದು ವೈ-ಫೈ ಬಳಸುವವರ ಪಟ್ಟಿ ತೆಗೆದು ನೋಡಿದರೆ, ಅವರ ಒಂದು ಕಂಪ್ಯೂಟರಿನ ಜೊತೆ ಇನ್ನೂ ಏಳು ಸೇರಿಕೊಂಡಿದ್ದವು. ಬೀದಿಗೆ ಬೀದಿಯೇ ಅವರ ನೆಟ್ಟಿನಲ್ಲಿತ್ತು. ಪಾಸ್‌ವರ್ಡನ್ನು ಅವರೇ ಕೊಟ್ಟಿದ್ದರು. "ಕರಿಬೇವು ಕೇಳಿದ್ರೆ ಇಲ್ಲ ಅಂತೀವಾ? ಇದನ್ನ ಹೇಗೆ ಇಲ್ಲ ಅನ್ನೋದು ಹೇಳಿ," ಎಂದು ನನ್ನನ್ನೇ ಕೇಳಿದರು.

ಪಾಸ್‌ವರ್ಡ್ ಬದಲಾಯಿಸಿ, ಚೀಟಿಯಲ್ಲಿ ಬರೆದು, ಯಾರಿಗೂ ಕೊಡಬೇಡಿ ಎಂದು ಎರಡೆರಡು ಸಲ ಹೇಳಿ ಹೊರಟೆ. ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಫೋನು ಬಂತು. ಟೀಚರ ಎದುರು ಮನೆಯವರು. ಟೀಚರು ಹೊಸ ಪಾಸ್‌ವರ್ಡ್ ಕೊಟ್ಟಿದ್ದಾರೆ, ನಿಮ್ಮ ಅಕ್ಷರ ತಿಳಿಯುತ್ತಿಲ್ಲ, ಸ್ವಲ್ಪ ಬಿಡಿಸಿ ಬರೆಯಬಾರದಾ ಎಂದು ನನ್ನನ್ನೇ ಗದರಿಸಿದರು.

ಮಹಜರು

ಅಷ್ಟರಲ್ಲಿ ಮಾವನವರೇ ವೈ-ಫೈ ಹಾಕಿಸಿದರು. ನನ್ನ ಕೈಲಲ್ಲ, ಹಾಸನದಿಂದ ಯಾರನ್ನೋ ಕರೆಸಿ. ಅವರಿಗೆ ನೆಟ್ ಬೇಕಾಗಿದ್ದುದು ಚೆಸ್ ಆಡಲು. ಕಚೇರಿಯಲ್ಲಿದ್ದಾಗ ಕೈಕೆಳಗಿನ ಗುಮಾಸ್ತರ ಜೊತೆ ಆಡಿ ಒಮ್ಮೆಯೂ ಸೋತವರಲ್ಲ. ಈಗ ಕಂಪ್ಯೂಟರಿನಲ್ಲಿ ಯಾವ ಯಾವುದೋ ದೇಶದವರ ಎದುರು ದಿನಾ ಸೋಲುತ್ತಿದ್ದರು. ಗೆಲ್ಲುವ ಆಟದಲ್ಲೂ ನಡುವೆ ನೆಟ್ ಹೋಗಿ, ಗಡಿಯಾರ ಓಡಿ, ಸೋಲು ಬೀಳುತ್ತಿತ್ತು. ಹಾಸನದವನು ಬಂದ, ತಿಪಟೂರಿನವನು ಬಂದ. ಇಬ್ಬರಿಂದಲೂ ಆಗದ ಮೇಲೆ ಮಗಳ ಮೂಲಕ ನನಗೆ ಬುಲಾವ್ ಬಂತು. ಆ ದಿನ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ.

ಡಬ್ಬಿ ಕೆಳಗೆ ಅಡುಗೆಮನೆಯ ಆಗ್ನೇಯ ಮೂಲೆಯಲ್ಲಿ, ಸ್ಟೀಲ್ ಪಾತ್ರೆಗಳ ಸ್ಟ್ಯಾಂಡಿನ ಹಿಂದೆ ಇತ್ತು. ಕರೆಂಟಿನ ವಸ್ತುವಾದ್ದರಿಂದ ವಾಸ್ತು ಪ್ರಕಾರ ಅಲ್ಲೇ ಇರಬೇಕಂತೆ. ಮಾವನವರು ಆಡುತ್ತಿದ್ದುದು ಮಹಡಿಯ ಮೇಲೆ, ವಾಯವ್ಯದ ಕೋಣೆಯಲ್ಲಿ. ಮನೆಯಲ್ಲಿ ಇದಕ್ಕಿಂತ ದೂರದ ಎರಡು ಮೂಲೆ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ, ಬಾಯಿಮಾತು ಬೇಡ, ಮಹಜರು ಆಗಲಿ ಎಂದರು. ಎದುರಿನ ದಿನಸಿ ಅಂಗಡಿಯವರನ್ನೂ ಪಕ್ಕದ ಮನೆಯವರನ್ನೂ ಪಂಚರೆಂದು ಕರೆಸಿದರು. ಪಂಚರ ಸಮಕ್ಷಮ ನಾನು ಕೆಳಗೆ ವೈರು ಚುಚ್ಚಿದೆ, ನೆಟ್ ಕುದುರೆಯಂತೆ ಓಡಿತು. ಮಹಡಿಗೆ ಹೋಗಿ ವೈ-ಫೈ ನೋಡಿದೆ, ತೆವಳಿತು. ಮಾವನವರು ಎಲ್ಲವನ್ನೂ ದುಂಡಗೆ ಬರೆದುಕೊಂಡರು. ಡಬ್ಬಿಯನ್ನು ಮೇಲಕ್ಕೆ ತಂದರೆ ಸಾಕು, ಇಲ್ಲವೇ ಇಲ್ಲಿಯವರೆಗೆ ಒಂದು ವೈರು ಎಳೆದುಬಿಡುತ್ತೇನೆ ಎಂದೆ. ಮೂಲೆ ಬದಲಾಯಿಸುವ ಪ್ರಶ್ನೆಯೇ ಇಲ್ಲ, ಹೊಸದಾಗಿ ಬಣ್ಣ ಹೊಡೆಸಿದ ಗೋಡೆಗೆ ಮೊಳೆ ಹೊಡೆಯುವ ಮಾತೂ ಬೇಡ ಎಂದರು.

ಆಮೇಲೆ ಓದಿ ಹೇಳಿದರು. ವೈರಿನಲ್ಲಿ ವೇಗ ಇರುವುದರಿಂದ ಲೈನಿನ ತಪ್ಪಿಲ್ಲ. ಡಬ್ಬಿ ವಾಸ್ತು ಪ್ರಕಾರ ಇರುವುದರಿಂದ ಮನೆಯ ತಪ್ಪಿಲ್ಲ. ಆದಕಾರಣ ರಿಪೇರಿಗೆ ಬಂದವರ ಅಸಾಮರ್ಥ್ಯ ರುಜುವಾತಾಗಿದೆ. ಪಂಚರಿಬ್ಬರೂ ರುಜು ಹಾಕಿದರು. ದಿನಸಿ ಅಂಗಡಿಯವರು ಸರಿಯಾಗಿ ಕೇಳಿಸಿಕೊಳ್ಳದೆ ರುಜು ಮಾಡಿದ್ದಕ್ಕೆ ಬಾಗಿಲಲ್ಲಿ ನನ್ನ ಭುಜ ಮುಟ್ಟಿ ಸಮಾಧಾನ ಹೇಳಿದರು. ಕೇಳಿಸಿಕೊಂಡಿದ್ದರೂ ಹಾಕಬೇಕಿತ್ತು, ಅವರು ಶಿರಸ್ತೇದಾರರಲ್ಲವೇ ಎಂದೂ ಸೇರಿಸಿದರು.

ನಮ್ಮ ಮನೆಯ ಕುರ್ಚಿ

ಇದಾಗಿ ತಿಂಗಳೊಳಗೆ ಒಂದು ಮಧ್ಯಾಹ್ನ ಮಾವನವರು ಗೆಲ್ಲುವ ಆಟವೊಂದನ್ನು ಆಡುತ್ತಿದ್ದಾಗ ನೆಟ್ ಕೈಕೊಟ್ಟಿತು. ಸಿಟ್ಟಿನಲ್ಲಿ ಮೇಲೆದ್ದವರು ನೆಟ್ಟಗೆ ನಮ್ಮ ಮನೆಗೆ ನಡೆದು ಬಂದು, ಆರು ವರ್ಷ ತುಳಿಯದ ಹೊಸಿಲನ್ನು ತುಳಿದು, ನನ್ನ ಕುರ್ಚಿಯಲ್ಲಿ ಕೂತರು. ನಮ್ಮ ಮನೆಯಲ್ಲಿ ವೈ-ಫೈ ಇರಲಿಲ್ಲ, ಮನೆಯ ಕಂಪ್ಯೂಟರಿಗೆ ಗೋಡೆಯಂಚಿನಲ್ಲಿ ನಾನೇ ಎಳೆದ ವೈರಿತ್ತು. ಅಂದು ಮೂರು ಆಟ ಗೆದ್ದರಂತೆ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆನೆ ಹೇಗೆ ನಡೆಯುತ್ತದೆ ಎಂದು ಹೇಳಿಕೊಟ್ಟರಂತೆ. ನಾನು ಬಾಣಾವರದಿಂದ ಬರುವಷ್ಟರಲ್ಲಿ ಎದ್ದು ಹೋಗಿದ್ದರು. ನನ್ನ ಹೆಂಡತಿ ಅವರು ಕಾಫಿ ಕುಡಿದ ಲೋಟವನ್ನು ತೊಳೆಯದೆ ಇಟ್ಟುಕೊಂಡು ಕೂತಿದ್ದಳು.

ಆಮೇಲೆ ದಿನಾ ಬರತೊಡಗಿದರು, ನಾನಿಲ್ಲದ ಹೊತ್ತು ನೋಡಿಕೊಂಡು. ನಾನು ಬೇಗ ಬಂದರೆ ಅವರು ಎದ್ದುಬಿಡುತ್ತಾರೆಂದು ಹೆಂಡತಿ ನನಗೆ ತಡವಾಗಿ ಬರಲು ಹೇಳಿದಳು. ಕೆಲಸ ಮುಗಿದರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಆರು ಗಂಟೆಯವರೆಗೆ ಕೂರುತ್ತಿದ್ದೆ. ನನ್ನ ಮನೆ, ನನ್ನ ಕುರ್ಚಿ, ನನ್ನ ವೈರು, ನನಗೊಬ್ಬನಿಗೇ ಪ್ರವೇಶವಿಲ್ಲ.

ಒಂದು ದಿನ ತಡೆಯಲಾರದೆ ಹೇಳಿದೆ. ನಿಮ್ಮಪ್ಪ ಹಾಲು ತರಲು ಹೋದಾಗ ನಾನು ಹೋಗಿ ಆ ಪಾತ್ರೆ ಸ್ಟ್ಯಾಂಡನ್ನು ನಾಲ್ಕಡಿ ಆಚೆ ಸರಿಸಿ ಬರುತ್ತೇನೆ, ಅರ್ಧ ತೊಂದರೆ ಅಲ್ಲೇ ಹೋಗುತ್ತದೆ ಎಂದು. ಅವಳು ಗಾಬರಿಯಾಗಿ ನನ್ನ ಕೈ ಹಿಡಿದಳು.

"ಬೇಡ ಕಣ್ರೀ. ಅಲ್ಲಿ ಸರಿ ಹೋದ್ರೆ ಇಲ್ಲಿಗ್ಯಾಕೆ ಬರ್ತಾರೆ?"

ಊರಿನ ವೈ-ಫೈಗಳನ್ನೆಲ್ಲ ಸರಿಮಾಡಲು ಓಡಾಡುವವನು ಒಂದು ವೈ-ಫೈ ಕೆಟ್ಟೇ ಇರಲಿ ಎಂದು ಒಪ್ಪಿಕೊಂಡೆ. ಮಾವನವರು ಸಿಕ್ಕಸಿಕ್ಕವರಿಗೆಲ್ಲ ಮಹಜರು ತೋರಿಸುತ್ತಿದ್ದರು. ಊರೊಳಗೆ ನನ್ನನ್ನು ಕರೆಯುವವರು ಕಡಿಮೆಯಾದರು.

ಅದೂ ನುಂಗಿಕೊಂಡೆ. ಆದರೆ ಒಂದು ದಿನ ಜ್ವರ ಬಂದು ಬೇಗ ಮನೆಗೆ ಬಂದುಬಿಟ್ಟೆ. ಬಾಗಿಲು ತೆರೆದಿತ್ತು. ಮಾವನವರು ನನಗೆ ಬೆನ್ನು ಹಾಕಿ ಕೂತಿದ್ದರು, ಆಗಷ್ಟೇ ಗೆದ್ದಿದ್ದರು. ಗೋಡೆಯಂಚನ್ನು ಬೆರಳಿನಿಂದ ಸವರಿ ನೋಡುತ್ತ ಮಗಳಿಗೆ ಹೇಳುತ್ತಿದ್ದರು.

"ಇದನ್ನ ಎಳೆದವನು ಕೆಲಸ ಬಲ್ಲವನು ಕಣಮ್ಮ. ಒಂದು ಮೊಳೆ ಕಾಣಲ್ಲ, ಒಂದು ಕಡೆ ಜೋತುಬಿದ್ದಿಲ್ಲ. ಯಾರವನು? ಹೇಳು, ನಮ್ಮನೆಗೂ ಎಳೆಸಿಬಿಡ್ತೀನಿ, ಬಣ್ಣ ಹೋದ್ರೆ ಹೋಗ್ಲಿ."

ಆರು ವರ್ಷ ನಾನು ಕಾದಿದ್ದು ಈ ಮಾತಿಗೇ. ಜ್ವರವೇ ಬಿಟ್ಟಂತಾಗಿ ಹೊಸಿಲ ಮೇಲೆ ಕಾಲಿಟ್ಟೆ. ಹೆಂಡತಿ ಅಪ್ಪನ ತಲೆಯ ಮೇಲಿಂದ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಅವಳು ಬೇಡ ಎನ್ನುವಂತೆ ತಲೆಯಾಡಿಸಿದ್ದು ನನಗೆ ಮಾತ್ರ ಕಂಡಿತು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

"ಯಾರೋ ಹೊರಗಿನವನಪ್ಪ," ಎಂದಳು. "ಈಗ ಆ ಕೆಲಸ ಬಿಟ್ಟುಬಿಟ್ಟಿದ್ದಾನಂತೆ."

ಮಾವನವರು ಮನಸಾರೆ ನೊಂದುಕೊಂಡರು.

"ಛೆ, ಬಿಡಬಾರದಿತ್ತು. ಬಿಡೋಕ್ಮುಂಚೆ ನಿನ್ನ ಗಂಡನ್ನ ಅವನ ಹತ್ರ ಒಂದು ತಿಂಗಳು ಕಲಿಯೋಕೆ ಬಿಡಬೇಕಿತ್ತು."