ದೊಡ್ಡ ಮಾವ, ಸಣ್ಣ ಅಕ್ಷರ

ಅಕ್ಷರ ಇರುವುದು ಓದುವುದಕ್ಕೆ ಎಂದು ನಂಬಿದವರು ಅಚ್ಚಿನ ಕೆಲಸಕ್ಕೆ ಬರಬಾರದು. ನಾನು ಹಾಗೆ ನಂಬಿಕೊಂಡೇ ಬಂದವನು. ಈಗ ಇದಕ್ಕೆ ಡಿಸೈನ್ ಎಂದು ಹೆಸರಿಟ್ಟು ಕಾಲೇಜಿನಲ್ಲಿ ಕಲಿಸುತ್ತಾರಂತೆ. ಅರವತ್ತರ ದಶಕದ ಸಾಗರದಲ್ಲಿ ನಾವು ಅದನ್ನು ಮೊಳೆ ಜೋಡಿಸುವುದು ಎನ್ನುತ್ತಿದ್ದೆವು. ಸೀಸದ ಒಂದೊಂದೇ ಅಕ್ಷರವನ್ನು ಖಾನೆಯಿಂದ ಹೆಕ್ಕಿ ಸಾಲಿಗೆ ಕೂರಿಸುವ ಕೆಲಸ. ಕಲಿತು ಕೆಲವೇ ತಿಂಗಳಾಗಿದ್ದರೂ ನನಗೆ ಕಲಾವಿದನ ಗತ್ತು ಬಂದುಬಿಟ್ಟಿತ್ತು. ಹೋಟೆಲಿಗೆ ಹೋದರೆ ತಟ್ಟೆಯನ್ನು ಬಿಟ್ಟು ಗೋಡೆಯ ಮೇಲಿನ ತಿಂಡಿಗಳ ಬೋರ್ಡನ್ನೇ ನೋಡುತ್ತಿದ್ದೆ. ಉಪ್ಪಿಟ್ಟಿನ ಸಾಲು ಕಾಫಿಯ ಸಾಲಿಗಿಂತ ಆಚೆ ಚಾಚಿಕೊಂಡಿದ್ದರೆ ನನಗೆ ಎರಡೂ ರುಚಿಸುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಪ್ರೆಸ್ಸಿನ ಯಜಮಾನರು. ಅವರು ನನಗೆ ಕಲಿಸಿದ್ದು ಒಂದೇ ಮಂತ್ರ: "ಎಡಗಡೆ ಬಲಗಡೆ ಎರಡೂ ಅಂಚು ಸರಿಯಾಗಿರ್ಬೇಕು ಮಾರಾಯ. ಹಲ್ಲುದುರಿದ ಬಾಯಿ ಥರ ಕಾಣ್ಬಾರ್ದು."

ಅಷ್ಟರಲ್ಲಿ ನನ್ನ ತಂಗಿ ಜಾನಕಿಗೆ ತೀರ್ಥಹಳ್ಳಿಯ ಹುಡುಗ ಗೊತ್ತಾದ. ಲಗ್ನಪತ್ರಿಕೆ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಮಾಡಿದೆ ಕೂಡ. ಕೊನೆಯಲ್ಲಿ, ಸುಖಾಗಮನ ಬಯಸುವವರ ಜಾಗದಲ್ಲಿ, ನನ್ನ ಇಬ್ಬರು ಸೋದರಮಾವಂದಿರ ಹೆಸರು ಬರಬೇಕಿತ್ತು. ಹಿರಿಯರು ಹೊಸನಗರದ ಲಕ್ಷ್ಮೀನರಸಿಂಹಯ್ಯ, ಕಿರಿಯರು ನಮ್ಮೂರಲ್ಲೇ ಇದ್ದ ರಾಮಯ್ಯ. ಒಂದು ಹೆಸರು ಕಾಗದದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಇನ್ನೊಂದು ಹೊರಟಲ್ಲೇ ನಿಲ್ಲುತ್ತದೆ. ನಾನೇನು ಸಾಮಾನ್ಯನೇ? ಉದ್ದದ ಹೆಸರಿಗೆ ಸಣ್ಣ ಮೊಳೆ, ಗಿಡ್ಡ ಹೆಸರಿಗೆ ದಪ್ಪ ಮೊಳೆ ಹಾಕಿದೆ. ಎರಡೂ ಸಾಲು ಅಂಚಿಗೆ ಅಂಚು ಕೂತವು. ಕರಡು ನೋಡಿದ ಅಪ್ಪ ಮುಹೂರ್ತ ಸರಿಯಿದೆಯೇ ಎಂದಷ್ಟೇ ಓದಿದರು. ಯಜಮಾನರು ಬೆನ್ನು ತಟ್ಟಿದರು. ಪತ್ರಿಕೆಗಳು ಊರೂರಿಗೆ ಹೋದವು.

ದೊಡ್ಡ ಮಾವ ಮಾತ್ರ ಅದನ್ನು ಓದಲಿಲ್ಲ, ಅಳೆದರು. ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದರು: "ದೊಡ್ಡಕ್ಷರದ ರಾಮಯ್ಯನೇ ಹುಡುಗೀನ ಎತ್ಕೊಂಡು ಬರ್ಲಿ. ನಾವು ಸಣ್ಣೋರು, ಮನೇಲೇ ಇರ್ತೀವಿ." ಕಂಡಕ್ಟರ್ ಅದನ್ನು ನಮಗೆ ಹೇಳುವ ಮೊದಲು ಇಡೀ ಬಸ್ಸಿಗೆ ಹೇಳಿದ್ದ.

ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರುವುದು ನಮ್ಮಲ್ಲಿ ಪದ್ಧತಿ. ಜಾನಕಿ ಫ್ರಾಕು ಹಾಕುತ್ತಿದ್ದ ಕಾಲದಿಂದಲೂ ದೊಡ್ಡ ಮಾವ "ಇವಳನ್ನ ಎತ್ತೋನು ನಾನೇ" ಎನ್ನುತ್ತ ಬಂದವರು. ರಾಮಯ್ಯ ಮಾವನಿಗೋ ಸೊಂಟನೋವು, ಬಿಂದಿಗೆ ಎತ್ತುವುದಕ್ಕೂ ಯೋಚಿಸುವವರು. ಅಮ್ಮ ತಲೆ ಮೇಲೆ ಕೈಹೊತ್ತು ಕೂತಳು. "ಅಣ್ಣಯ್ಯನ್ನ ಇಷ್ಟೇ ಇಷ್ಟು ಮಾಡಿಟ್ಯಲ್ಲೋ" ಎಂದಳು. ಜಾನಕಿ ಅಳಲಿಲ್ಲ, ಅದೇ ನನಗೆ ಹೆದರಿಕೆ. "ಮಾವ ಬರ್ದಿದ್ರೆ ನಾನು ಮಂಟಪಕ್ಕೆ ಬರಲ್ಲ. ನಿನ್ನ ಅಂಚನ್ನೇ ಕೂರಿಸ್ಕೊಂಡು ಧಾರೆ ಎರೀರಿ" ಎಂದಳು. ಮರುದಿನವೇ ಹೊಸನಗರದ ಬಸ್ಸು ಹತ್ತಿದೆ.

ಮಾವ ಕಾಫಿ ಕೊಡಿಸಿದರು, ಮಳೆ ಬೆಳೆ ವಿಚಾರಿಸಿದರು, ಪತ್ರಿಕೆಯ ಮಾತೆತ್ತಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

"ಮಾವ, ನಿಮ್ಮ ಹೆಸರು ಉದ್ದ. ದೊಡ್ಡ ಮೊಳೆ ಹಾಕಿದ್ರೆ ಅಂಚು ದಾಟಿ ಆಚೆ ಹೋಗುತ್ತೆ."

"ಹೋಗ್ಲಿ. ಹಿರಿಯನ ಹೆಸ್ರು ಸ್ವಲ್ಪ ಆಚೆ ಹೋದ್ರೆ ಎಂತ ಆಗುತ್ತೆ?"

ಸಾಗರಕ್ಕೆ ವಾಪಸು ಬಂದು, ನಾಟಕದ ಪೋಸ್ಟರಿಗೆ ಬಳಸುವ ಮರದ ಮೊಳೆಗಳನ್ನು ಕೆಳಗಿಳಿಸಿದೆ. ಹಂಚಿದ ಪತ್ರಿಕೆಗಳನ್ನು ಹಿಂದೆ ತರುವ ಹಾಗಿರಲಿಲ್ಲ, ಮಾವನಿಗೆಂದು ಒಂದೇ ಒಂದು ಬೇರೆ ಪತ್ರಿಕೆ ತೆಗೆದೆ. ಅವರ ಹೆಸರೇ ಮೂರು ಸಾಲು ನುಂಗಿತು. ವಧೂವರರು ಒಂದು ಮೂಲೆಗೆ ಸರಿದರು. ಅಪ್ಪ ಅಮ್ಮನಿಗೆ ಜಾಗವೇ ಸಿಗಲಿಲ್ಲ. ಅಂಚಂತೂ ಹಲ್ಲುದುರಿದ ಬಾಯಿಯೇ. ಅದನ್ನು ಹಿಡಿದು ಮತ್ತೆ ಹೊಸನಗರಕ್ಕೆ ಹೋದೆ. ಮಾವ ಕೈ ಚಾಚಿ ದೂರ ಹಿಡಿದು ನೋಡಿದರು. "ಕನ್ನಡಕ ಇಲ್ದೇ ಓದಾಯ್ತು. ಈಗ ಕಲಿತೆ ನೋಡು ಕೆಲ್ಸ" ಎಂದರು.

ಮದುವೆಗೆ ಬಂದರು. ಜಾನಕಿಯನ್ನು ಹೂವಿನ ಹಾಗೆ ಎತ್ತಿಕೊಂಡು ಬಂದರು. ಅವಳು ಅವರ ಹೆಗಲ ಮೇಲಿಂದ ನನ್ನನ್ನು ನೋಡಿ ನಕ್ಕಾಗ ನನ್ನ ಕಣ್ಣು ತುಂಬಿತು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊಟದ ಪಂಕ್ತಿಯಲ್ಲಿ ದೊಡ್ಡ ಮಾವ ಜೇಬಿನಿಂದ ಆ ಪತ್ರಿಕೆ ತೆಗೆದು ಎಡಬಲದವರಿಗೆ ತೋರಿಸಿದರು. ಎಡಕ್ಕೆ ಕೂತಿದ್ದವರು ರಾಮಯ್ಯ ಮಾವ. ಅವರು ಅದರಲ್ಲಿ ತಮ್ಮ ಹೆಸರನ್ನು ಹುಡುಕಿದರು. ಸಿಗಲಿಲ್ಲ. ಪತ್ರಿಕೆ ವಾಪಸು ಕೊಟ್ಟು ಹೋಳಿಗೆ ಮುರಿದರು.

ಮುಂದೆ ನಾನು ಮದುವೆಯಾದದ್ದು ಆ ರಾಮಯ್ಯ ಮಾವನ ಮಗಳನ್ನೇ. ಪತ್ರಿಕೆ ನಾನೇ ಅಚ್ಚು ಹಾಕಿ ಕೊಡುತ್ತೇನೆಂದೆ. "ನಿಂಗ್ಯಾಕೆ ತೊಂದ್ರೆ" ಎಂದು ಅವರು ಶಿವಮೊಗ್ಗದಲ್ಲಿ ಮಾಡಿಸಿದರು. ರಾಮಯ್ಯ ಎಂಬುದು ಕಾಗದದ ಉದ್ದಕ್ಕೂ ಮಲಗಿತ್ತು. ವರನ ಹೆಸರು ಎಲ್ಲಿದೆಯೆಂದು ಕಂಡುಹಿಡಿಯಲು ನಾನು ದೊಡ್ಡ ಮಾವನ ಕನ್ನಡಕ ಕೇಳಿ ಪಡೆಯಬೇಕಾಯಿತು. ಆದರೂ ಒಪ್ಪಿಕೊಳ್ಳಬೇಕು, ಅಂಚು ಮಾತ್ರ ಎರಡೂ ಕಡೆ ಸರಿಯಾಗಿತ್ತು.