ಕಾಕಾನ ಔಷಧದ ಬಿಸಿಲು

ನಮ್ಮ ಸಣ್ಣ ಕಾಕಾ ಮನೆಯೊಳಗೆ ಸೂರ್ಯನನ್ನು ಸಾಕಿದ್ದರು. ನಗಬೇಡಿ! ಶಿಗ್ಗಾವಿಯ ಉಳಿದ ಗಂಡಸರು ಎಮ್ಮೆ ಸಾಕುತ್ತಿದ್ದರು, ಶೋಕಿ ಇದ್ದವರು ಪಾರಿವಾಳ ಸಾಕುತ್ತಿದ್ದರು. ಅಪ್ಪನ ಬೆನ್ನಿಗೆ ಹುಟ್ಟಿದ ಈ ತಮ್ಮನಿಗೆ ಅಂಥ ಸಣ್ಣಪುಟ್ಟ ಪ್ರಾಣಿಗಳು ಒಗ್ಗಲಿಲ್ಲ. ಸಾಕಿದರೆ ಇಡೀ ಊರಿಗೆ ಕಾಣುವಂಥದ್ದನ್ನೇ ಸಾಕಬೇಕು ಎನ್ನುವ ಜಾತಿಯ ಮನುಷ್ಯ.

ಇದೆಲ್ಲ ಶುರುವಾದದ್ದು ಮುಂಬಯಿಯಲ್ಲಿ. ಹತ್ತಿ ವ್ಯಾಪಾರಕ್ಕೆಂದು ಹೋದ ಕಾಕಾ ಅಲ್ಲಿ ಕಾಯಿಲೆ ಬಿದ್ದ ಗೆಳೆಯನೊಬ್ಬನನ್ನು ನೋಡಲು ದೊಡ್ಡ ಆಸ್ಪತ್ರೆಗೆ ಹೋಗಿದ್ದರಂತೆ. ದಾರಿ ತಪ್ಪಿ ಯಾವುದೋ ಕೋಣೆಯ ಬಾಗಿಲು ನೂಕಿದರೆ, ಒಳಗೆ ನಾಲ್ಕಾರು ಮಂದಿ ಅಂಗಿ ಬಿಚ್ಚಿ, ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು, ಒಂದು ದೀಪದ ಸುತ್ತ ಕುಳಿತಿದ್ದಾರೆ! ಮಾತಿಲ್ಲ, ಕತೆಯಿಲ್ಲ. ದಾದಿ ಬಂದು ಹೊರಗೆ ದಬ್ಬುವಷ್ಟರಲ್ಲಿ ಕಾಕಾ ಬೇಕಾದಷ್ಟು ತಿಳಿದುಕೊಂಡಿದ್ದರು. ಅದು ಚರ್ಮರೋಗಕ್ಕೆ ಕೊಡುವ ಬೆಳಕಿನ ಚಿಕಿತ್ಸೆ. ಆ ದೀಪದಲ್ಲಿ ಸೂರ್ಯನ ಗುಣವಿದೆ. ವಿಲಾಯತಿಯ ಬಿಳಿಯ ಮಂದಿ ಏನೂ ರೋಗವಿಲ್ಲದಿದ್ದರೂ ಇಂಥ ದೀಪದೆದುರು ಕುಳಿತು ಮೈ ಕಂದು ಮಾಡಿಕೊಳ್ಳುತ್ತಾರೆ, ಅದಕ್ಕೆ ಖುಷಿಯಿಂದ ದುಡ್ಡನ್ನೂ ಕೊಡುತ್ತಾರೆ.

"ಅಲ್ಲಿ ರೊಕ್ಕ ಕೊಟ್ಟು ಕರ್ರಗಾಗ್ತಾರ. ನಮ್ಮ ಮಂದಿ ಪುಕ್ಕಟ ಆಗ್ಯಾರ, ಆದ್ರೂ ಕಿಮ್ಮತ್ತಿಲ್ಲ!" ಎಂದು ಕಾಕಾ ಊರಿಗೆ ಬಂದವರೇ ಅಪ್ಪನ ಮುಂದೆ ನಿಟ್ಟುಸಿರು ಬಿಟ್ಟರು.

ಮರುದಿನವೇ ಗೌಂಡಿಯನ್ನು ಕರೆಸಿದರು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯ ಮೇಲ್ಚಾವಣಿಯಲ್ಲಿ ಗೇಣಗಲದ ಬೆಳಕಿಂಡಿ ಇತ್ತು. ಅದನ್ನು ಒಬ್ಬ ಮನುಷ್ಯ ಇಳಿಯುವಷ್ಟು ದೊಡ್ಡದು ಮಾಡಿಸಿ, ಕೆಳಗೆ ಜಮಖಾನೆ ಹಾಸಿ, ಬರೀ ಮೈಯಲ್ಲಿ ಮಲಗಿದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಬಂದಳು.

"ಅಲ್ರಿ, ಹೊರಗ ಹೊಲದ ತುಂಬ ಬಿಸಿಲು ಬಿದ್ದೈತಿ. ಅದನ್ನ ಕೈ ಹಿಡದು ಒಳಗ ಕರಕೊಂಡು ಬಂದು ಹಾಸಿಗಿ ಹಾಸಾಕತ್ತೀರಲ್ಲ, ಏನಂತಾರ ಇದಕ್ಕ?"

"ಹೊರಗಿಂದು ಎತ್ತಿಗೆ ಬೀಳೋ ಬಿಸಿಲು. ಇದು ಔಷಧದ ಬಿಸಿಲು. ನಿನಗ ತಿಳಿಯಂಗಿಲ್ಲ, ಹೋಗು."

ಔಷಧದ ಬಿಸಿಲಿಗೆ ಒಂದೇ ಕೊರತೆ. ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ! ಬೆಳಿಗ್ಗೆ ದೇವರ ಕೋಣೆಯ ಹೊಸ್ತಿಲಲ್ಲಿ ಬಿದ್ದದ್ದು ನಡುಮಧ್ಯಾಹ್ನ ಪಡಸಾಲೆಯ ನಡುವಿಗೆ ಬರುತ್ತಿತ್ತು, ಇಳಿಹೊತ್ತಿಗೆ ಒರಳಿನ ಪಕ್ಕ ತೆವಳುತ್ತಿತ್ತು. ಅದರ ಹಿಂದೆಯೇ ಜಮಖಾನೆ ಎಳೆದುಕೊಂಡು ಕಾಕಾ. ಗೋಡೆ ಗಡಿಯಾರ ಇಲ್ಲದ ನಮ್ಮ ಮನೆಗೆ ಅದರಿಂದ ಬಹಳ ಅನುಕೂಲವಾಯಿತು. "ನಿಮ್ಮ ಕಾಕಾ ಕಂಬ ದಾಟಿದ್ರೇನ? ಹಂಗಾರ ಅನ್ನಕ್ಕ ಎಸರಿಡು" ಎಂದು ಅವ್ವ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು.

ಆಮೇಲೆ ಬಣ್ಣದ ಗಾಜುಗಳು ಬಂದವು. ಕೀಲುನೋವಿಗೆ ಕೆಂಪು, ಕುರುವಿಗೆ ನೀಲಿ, ಹೊಟ್ಟೆಗೆ ಹಸಿರು. ಹಾನಗಲ್ಲಿನಿಂದ ಬೀಗರೊಬ್ಬರು ಊಟಕ್ಕೆ ಬಂದ ದಿನ ಬೆಳಕಿಂಡಿಯ ಮೇಲೆ ಹಸಿರು ಗಾಜಿತ್ತು. ಪಡಸಾಲೆಯಲ್ಲಿ ಎಲೆ ಹಾಕಿದೆವು. ರೊಟ್ಟಿ ಹಸಿರು, ಬೆಣ್ಣೆ ಹಸಿರು, ಮೊಸರು ಪಾಚಿಗಟ್ಟಿದ ಹೊಂಡದ ಹಾಗೆ. ಬೀಗರು ತಮ್ಮ ಅಂಗೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡು, "ಯಾಕೋ ಪಿತ್ತ ಆಗೇತಿ" ಎಂದು ಎದ್ದೇಬಿಟ್ಟರು. ಕಾಕಾ ಹಿಂದೆ ಓಡಿಹೋಗಿ, "ಪಿತ್ತಕ್ಕೂ ಹಸಿರೇ ಚಲೋ ರೀ, ವಾಪಸ್ ಬರ್ರಿ!" ಎಂದು ಕರೆದರು. ಬೀಗರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋದರು ಎಂದು ಚಿಗವ್ವ ಹೇಳುತ್ತಾಳೆ. ಅಷ್ಟನ್ನು ನಾನು ಕಣ್ಣಾರೆ ನೋಡಿಲ್ಲ.

ಒಂದು ವರ್ಷದೊಳಗೆ ಕಾಕಾ ರೊಟ್ಟಿ ಹಂಚಿನ ಬಣ್ಣಕ್ಕೆ ಬಂದರು. ನಾವೆಲ್ಲ ನಕ್ಕು ನಕ್ಕು ಸಾಕಾಗಿ, ಅವರನ್ನು ಅವರ ಪಾಡಿಗೆ ಬಿಟ್ಟೆವು.

ಅದೇ ಹೊತ್ತಿಗೆ ನನ್ನ ಬಲಗೆನ್ನೆಯ ಮೇಲೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು.

ಮೊದಲು ಕಡಲೆಬೇಳೆಯಷ್ಟಿತ್ತು, ಸುತ್ತ ಇನ್ನಷ್ಟು ಹುಟ್ಟಿಕೊಂಡವು. ರಟ್ಟೀಹಳ್ಳಿಯ ಮನೆತನದೊಂದಿಗೆ ನನ್ನ ಮದುವೆಯ ಮಾತು ಮುಗಿದಿತ್ತು. ಸುಗ್ಗಿ ಮುಗಿದ ಮೇಲೆ ಅವರ ಕಡೆಯ ಹಿರಿಯರು ಹೆಣ್ಣು ನೋಡಿ ನಿಶ್ಚಯ ಮಾಡಲು ಬರುವವರಿದ್ದರು. ಅವ್ವ ನನ್ನ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು, ಸೆರಗಿನಿಂದ ಒರೆಸಿದಳು, ಮತ್ತೆ ನೋಡಿದಳು. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಎಲ್ಲರೂ ಒಮ್ಮೆಲೇ ಮೆಲ್ಲಗೆ ಮಾತಾಡತೊಡಗಿದರು. ನನ್ನ ಹಿಂದೆ ಇಬ್ಬರು ತಂಗಿಯರಿದ್ದರು. ನನಗೇ ಹೀಗಾದರೆ ಅವರನ್ನು ಯಾರು ಕೇಳುತ್ತಾರೆ? ಅಪ್ಪನಿಗೆ ನಿದ್ದೆ ಹೋಯಿತು.

ಧೈರ್ಯವಾಗಿದ್ದವರು ಒಬ್ಬರೇ. "ಚರ್ಮದ ಬ್ಯಾನಿ ಹೌದಲ್ಲ? ಹಂಗಾರ ನನಗ ಬಿಡ್ರಿ!" ಎಂದು ಕಾಕಾ ಜಮಖಾನೆಯ ಅರ್ಧ ಭಾಗ ನನಗೆ ಬಿಟ್ಟುಕೊಟ್ಟರು.

ಕಾಕಾ ಹಿಡಿದ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಬಾವಂಚಿ ಬೀಜ ಅರೆದು ಹಚ್ಚಿದರು, ಬೆಳಕಿಂಡಿಯ ಕೆಳಗೆ ಕೂರಿಸಿದರು, ಬಿಸಿಲು ಸರಿದಂತೆ ನನ್ನನ್ನೂ ಸರಿಸಿದರು. ನನಗೆ ಬೇಸರವಾಗದಿರಲಿ ಎಂದು ಮುಂಬಯಿಯ ಕತೆ ಹೇಳಿದರು. ಟ್ರಾಮು, ಸಮುದ್ರ, ಮತ್ತೆ ಟ್ರಾಮು. ಫಲಿತಾಂಶ ಏನಾಯಿತು ಅಂತೀರಾ? ನನ್ನ ಮುಖ ದಿನದಿನಕ್ಕೆ ಕಪ್ಪಾಯಿತು, ಮಚ್ಚೆಗಳು ಮಾತ್ರ ಇದ್ದಂತೆಯೇ ಉಳಿದು, ಕರಿ ಕಂಬಳಿಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಎದ್ದು ಕಂಡವು!

"ನೋಡು, ಬ್ಯಾನಿ ಹೆದರಿ ಹೊರಗ ಬರಾಕತ್ತೇತಿ" ಎಂದರು ಕಾಕಾ. ದನಿ ಮಾತ್ರ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಬಿಸಿಲು ಸಾಲದು, ಮುಂಬಯಿಯಲ್ಲಿ ಕಂಡಂಥ ದೀಪವೇ ಬೇಕು ಎಂದು ಅವರಿಗೆ ಅನಿಸಿತು. ಶಿಗ್ಗಾವಿಯಲ್ಲಿ ಕಂದೀಲು ಬಿಟ್ಟರೆ ಮತ್ತೇನಿತ್ತು? ಆದರೆ ಸವಣೂರಿಗೆ ಆಗ ಟೂರಿಂಗ್ ಸಿನಿಮಾದ ಡೇರೆ ಬಂದಿತ್ತು. ಅದರ ಯಂತ್ರದೊಳಗೆ ಎರಡು ಇದ್ದಿಲ ಕಡ್ಡಿಗಳನ್ನು ಎದುರುಬದುರು ಹಿಡಿದು ಕರೆಂಟು ಬಿಟ್ಟರೆ, ಸೂರ್ಯನ ತುಂಡೇ ಹೊತ್ತಿಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಕಾಕಾ, ಅವ್ವ, ನಾನು ಚಕ್ಕಡಿ ಹೂಡಿಕೊಂಡು ಹೊರಟೆವು.

ಡೇರೆಯ ಆಪರೇಟರು ಸವಣೂರಿನ ಒಬ್ಬ ಸಾಬರು. ಎಲೆಯಡಿಕೆ ಹಾಕಿಕೊಂಡು ನಮ್ಮ ಮಾತನ್ನೆಲ್ಲ ಕೇಳಿ, "ಅರೇ ಸಾವಕಾರ್ರ, ಇದು ತಮಾಶಾ ತೋರಸೋ ದೀಪ ಐತ್ರಿ, ದವಾಖಾನಿದು ಅಲ್ಲ. ಇದರ ಮುಂದ ಕುಂತ್ರ ಹುಡುಗಿ ಮಾರಿ ಏನಾಗ್ತೈತಿ, ನನಗೇನ್ ಗೊತ್ತು?" ಎಂದರು.

"ಹೌದು, ಅದೂ ಖರೇನ. ಮೊದ್ಲ ನಾ ಕುಂತು ನೋಡ್ತೇನಿ. ನನಗ ಏನೂ ಆಗ್ಲಿಲ್ಲಂದ್ರ ಆಕಿ ಕುಂದರ್ಲಿ."

ನಮ್ಮನ್ನು ಹೊರಗೆ ನಿಲ್ಲಿಸಿ ಕಾಕಾ ಒಳಗೆ ಹೋದರು. ಇಂಜಿನ್ನು ಗುಡುಗುಟ್ಟಿತು. ಡೇರೆಯ ತೂತುಗಳಿಂದೆಲ್ಲ ನೀಲಿ ಬೆಳಕು ಚಿಮ್ಮಿತು. ಬಹಳ ಹೊತ್ತಿನ ಮೇಲೆ ಕಾಕಾ ಗೆದ್ದವರ ಹಾಗೆ ನಗುತ್ತಾ ಹೊರಬಂದು, "ಏನೂ ಆಗ್ಲಿಲ್ಲ!" ಎಂದು ಸಾರಿ, ನೆಟ್ಟಗೆ ಹೋಗಿ ಬೇರೆಯವರ ಚಕ್ಕಡಿ ಹತ್ತಿ ಕುಳಿತರು. ಆ ಬೆಳಕನ್ನು ನೆಟ್ಟ ಕಣ್ಣಿನಿಂದ ನೋಡಿದ್ದರು, ಪುಣ್ಯಾತ್ಮ! ಮುಂಬಯಿಯ ಮಂದಿ ಕರಿ ಕನ್ನಡಕ ಹಾಕಿಕೊಂಡದ್ದು ಶೋಕಿಗೆ ಎಂದು ತಿಳಿದಿದ್ದರಂತೆ.

ಮನೆ ಮುಟ್ಟುವಷ್ಟರಲ್ಲಿ ಕಣ್ಣು ಮೆಣಸಿನಪುಡಿ ತೂರಿದಂತೆ ಉರಿದು, ಊದಿ ಮುಚ್ಚಿಕೊಂಡವು. ಮನೆಯೊಳಗೆ ಸೂರ್ಯನನ್ನು ಸಾಕಿದ ಮನುಷ್ಯ, ಬೆಳಕಿಂಡಿಗೆ ಗೋಣಿತಟ್ಟು ಮುಚ್ಚಿಸಿ, ಕಣ್ಣಿಗೆ ಹಸಿಬಟ್ಟೆ ಕಟ್ಟಿಕೊಂಡು ಕತ್ತಲೆಯಲ್ಲಿ ಮಲಗಿದರು. ಚಿಗವ್ವ ಬೈಯುತ್ತಲೇ ತುತ್ತು ಮಾಡಿ ಉಣಿಸಿದಳು. ಅವರು ಮೊದಲು ಕೂರದೆ ನನ್ನನ್ನೇ ಕೂರಿಸಿದ್ದರೆ? ಆ ವಿಚಾರ ಮನೆಯಲ್ಲಿ ಎಲ್ಲರಿಗೂ ಬಂತು.

ಕಾಕಾನ ಕಣ್ಣು ತಿಳಿಯಾಗುವ ಹೊತ್ತಿಗೆ ರಟ್ಟೀಹಳ್ಳಿಯಿಂದ ಹೇಳಿಕಳಿಸಿದರು, ಹಿರಿಯರು ಮುಂದಿನ ತಿಂಗಳೇ ಬರುತ್ತಾರೆಂದು. ಅಪ್ಪ ಗಟ್ಟಿಮನಸ್ಸು ಮಾಡಿ, "ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಸೋಣ. ಇದ್ದದ್ದು ಇದ್ದಂಗ ತಿಳೀಲಿ. ಅವರಿಂದ ಮುಚ್ಚಿಡೂದು ಬ್ಯಾಡ" ಎಂದರು. "ನನಗ ಆ ಮಾತು ಕೇಳಾಕ ಆಗಂಗಿಲ್ಲ" ಎಂದು ಅವ್ವ ದೇವರ ಕೋಣೆ ಸೇರಿದಳು. ಅಪ್ಪ, ಕಾಕಾ, ನಾನು ಹೊರಟೆವು. ಬಸ್ಸಿನಲ್ಲಿ ಕಾಕಾ ಟ್ರಾಮಿನ ಸುದ್ದಿಯನ್ನೇ ತೆಗೆಯಲಿಲ್ಲ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಕೆನ್ನೆಯನ್ನು ಮೆಲ್ಲಗೆ ಕೆರೆದರು. ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಿಡಿದುಕೊಂಡು ಒಳಗೆ ಹೋದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತರು. ಡಾಕ್ಟರು ಹೊರಬಂದು ಕೈ ತೊಳೆದುಕೊಳ್ಳುತ್ತಾ ಕೇಳಿದರು:

"ಇದಕ್ಕ ಏನು ಹಚ್ಚೀರಿ?"

"ಬಿಸಿಲು ಹಚ್ಚೇವ್ರಿ" ಎಂದರು ಕಾಕಾ, ಅಪರಾಧಿಯ ಹಾಗೆ.

"ಅದಕ್ಕ ಹಿಂಗಾಗೇತಿ. ಇದು ಸಿಬ್ಬ. ತೊನ್ನಲ್ಲ. ಚರ್ಮದ ಮ್ಯಾಲೆ ಕೂಡೋ ಬೂಷ್ಟು, ಅಷ್ಟ. ಬೂಷ್ಟು ಇದ್ದಲ್ಲಿ ಚರ್ಮ ಕಪ್ಪಾಗಂಗಿಲ್ಲ. ನೀವು ಸುತ್ತಲಿಂದು ಕಪ್ಪು ಮಾಡಿ ಇದನ್ನ ಎದ್ದು ಕಾಣೂ ಹಂಗ ಮಾಡೀರಿ. ಗಂಧಕದ ಮುಲಾಮು ಕೊಡ್ತೇನಿ, ಹೋಗ್ತದ. ಬಣ್ಣ ಸಮ ಆಗೂ ತನಕ ಬಿಸಿಲಿಗೆ ಹೋಗಬ್ಯಾಡವ್ವ."

ಕಾಕಾ ಒಂದು ಹೆಜ್ಜೆ ಮುಂದೆ ಬಂದರು.

"ತಪ್ಪು ತಿಳಕೋಬ್ಯಾಡ್ರಿ. ಇನ್ನೊಮ್ಮೆ ಹೇಳ್ರಿ."

"ಸಿಬ್ಬ. ತೊನ್ನಲ್ಲ."

"ಮರಾಠಿಯೊಳಗ ಹೇಳ್ರಿ." ಡಾಕ್ಟರು ಮರಾಠಿಯಲ್ಲಿ ಹೇಳಿದರು. "ಇಂಗ್ಲೀಷಿನ್ಯಾಗ?" ಕಾಕಾಗೆ ಇಂಗ್ಲೀಷಿನ ಒಂದಕ್ಷರ ಬರುತ್ತಿರಲಿಲ್ಲ! ಡಾಕ್ಟರು ಅದರಲ್ಲೂ ಹೇಳಿ, ಕೊನೆಗೆ ತಾವೇ ನಕ್ಕುಬಿಟ್ಟರು. ಅಪ್ಪ ಗೋಡೆಯಿಂದ ತಿರುಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಮುಂದೆ ಎಲ್ಲ ಸರಿಹೋಯಿತು. ಸುದ್ದಿ ಕೇಳಿದ ಅವ್ವ ಅಷ್ಟು ದಿನ ತಡೆದುಕೊಂಡಿದ್ದನ್ನೆಲ್ಲ ಒಂದೇ ಸಲ ಅತ್ತು ಮುಗಿಸಿದಳು. ಮುಲಾಮಿಗೆ ಮಚ್ಚೆ ಹೋದವು, ಬಣ್ಣ ತಿಳಿಯಾಯಿತು, ರಟ್ಟೀಹಳ್ಳಿಯವರು ಬಂದರು, ಮದುವೆಯಾಯಿತು. ಮದುವೆಗೆ ಬಂದವರಿಗೆಲ್ಲ ಕಾಕಾ ಡಾಕ್ಟರ ಮಾತನ್ನು ಮೂರೂ ಭಾಷೆಯಲ್ಲಿ ಹೇಳಲು ಹೋದಾಗ ಚಿಗವ್ವ ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದಳು. ಆದರೆ ಕಾಕಾ ಅಂದಾಗ ನನ್ನ ಕಣ್ಣಿಗೆ ಬರುವುದು ಮದುವೆಯ ದಿನವಲ್ಲ. ಹುಬ್ಬಳ್ಳಿಯಿಂದ ಹಿಂತಿರುಗಿದ ಆ ಮಧ್ಯಾಹ್ನ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡುತ್ತಿದ್ದವು. ಅಪ್ಪ ಡ್ರೈವರನ ಹಿಂದೆ ಕುಳಿತು ಎಷ್ಟೋ ದಿನಗಳ ಮೇಲೆ ಗೊರಕೆ ಹೊಡೆಯುತ್ತಿದ್ದರು. ನಾನು ಕಿಟಕಿಯ ಪಕ್ಕ, ನನ್ನ ಬದಿಗೆ ಕಾಕಾ. ತಡಸ ದಾಟುತ್ತಲೇ ಇಳಿಬಿಸಿಲು ನೇರವಾಗಿ ನನ್ನ ಕೆನ್ನೆಗೆ ಬಿತ್ತು. ಕಾಕಾ ಅದನ್ನು ನೋಡಿದರು. ತಲೆಯ ಪಟಗಾ ತೆಗೆದು, ಸುತ್ತು ಬಿಚ್ಚಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಕೈಯೆತ್ತಿ ಹಿಡಿದು ಪರದೆ ಮಾಡಿದರು.

ಆ ದಿನಗಳಲ್ಲಿ ಮರ್ಯಾದಸ್ಥ ಗಂಡಸು ನಾಲ್ಕು ಮಂದಿಯ ಎದುರು ಬರೀ ತಲೆಯಲ್ಲಿ ಕೂರುತ್ತಿರಲಿಲ್ಲ. ಕಾಕಾನಂತೂ ಬೆಳಕಿಂಡಿಯ ಕೆಳಗೆ ಮಲಗಿದಾಗಲೂ ಪಟಗಾ ತೆಗೆದವರಲ್ಲ. ಮುಖವೆಲ್ಲ ಹಂಚಿನ ಕಪ್ಪು, ಹುಬ್ಬಿನ ಮೇಲಿಂದ ಸುಲಿದ ಬೆಳ್ಳುಳ್ಳಿಯ ಹಾಗೆ ಬೋಳು ತಲೆ! ಬಸ್ಸಿನವರೆಲ್ಲ ತಿರುತಿರುಗಿ ನೋಡಿದರು. ನಗು ಒತ್ತರಿಸಿ ಬಂದು ನಾನು ಕಣ್ಣು ಮುಚ್ಚಿಕೊಂಡೆ.

ಮುಂದಿನ ಸೀಟಿನ ಮುದುಕರೊಬ್ಬರು ಗಾಬರಿಯಿಂದ ಕೇಳಿದ್ದು ಕೇಳಿಸಿತು. "ಯಾಕ್ರಿ, ತಲಿ ಬರಿದು ಮಾಡಿಕೊಂಡು ಕುಂತೀರಿ? ಮನ್ಯಾಗ ಏನರ ಕೆಟ್ಟದ್ದು ಆಗೇತೇನ್ರಿ?"

"ಇಲ್ರಿ. ಬಾಳ ಚಲೋದಾಗೇತಿ" ಎಂದರು ಕಾಕಾ. "ನಮ್ಮ ಹುಡುಗಿ ಮಲಗ್ಯಾಳ. ಸ್ವಲ್ಪ ಮೆಲ್ಲಕ ಮಾತಾಡ್ರಿ."

ನಾನು ಮಲಗಿರಲಿಲ್ಲ. ಆದರೂ ಶಿಗ್ಗಾವಿ ಬರುವತನಕ ಕಣ್ಣು ತೆರೆಯಲಿಲ್ಲ.