ಅತ್ತೆಯ ಬಾಯಿಪಾಠದ ಕಂಪ್ಯೂಟರ್

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ, ನಿಜ. ಮಂಗಳವಾರದ ಸಂಗತಿಯನ್ನು ಶನಿವಾರ ಬರೆಯುವ ಅಭ್ಯಾಸವೂ ಇದೆ. ನಡುವಿನ ದಿನಗಳಲ್ಲಿ ನೆನಪು ಎಲ್ಲೆಲ್ಲಿ ತೇಪೆ ಹಾಕಿರುತ್ತದೋ ಯಾರಿಗೆ ಗೊತ್ತು! ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಹುಮನಾಬಾದಿನಲ್ಲಿ ಸೀರೆಗಳಿಗೆ ಫಾಲು ಹಚ್ಚಿ ಬದುಕುವ ನನ್ನ ಸೋದರತ್ತೆಗೆ ಒಂದು ಇಡೀ ಕಂಪ್ಯೂಟರ್ ಪ್ರೋಗ್ರಾಮು ಬಾಯಿಪಾಠ ಬರುತ್ತದೆ. ಮತ್ತು ಮೊನ್ನೆ ಮೊನ್ನೆಯವರೆಗೆ ಆಕೆ ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತಿರಲಿಲ್ಲ!

ಆದದ್ದು ಹೀಗೆ. ಅಪ್ಪ ಮತ್ತು ಅತ್ತೆ ಬಸವಕಲ್ಯಾಣದಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಅಪ್ಪನ ಗೆಳೆಯನೊಬ್ಬನ ತಂದೆ ಪರದೇಶದಿಂದ ಮನೆಬಳಕೆಯ ಕಂಪ್ಯೂಟರ್ ತರಿಸಿದ್ದರು. ವೃತ್ತಿಯಲ್ಲಿ ಡಾಕ್ಟರು. ಅದರ ಕೀಬೋರ್ಡೇ ಕಂಪ್ಯೂಟರ್, ಟಿವಿಯೇ ಪರದೆ. ಕರೆಂಟು ಹೋದರೆ ಟೈಪು ಹೊಡೆದದ್ದೆಲ್ಲ ಮಾಯ, ಮತ್ತೆ ಮೊದಲಿನಿಂದ! ಒಬ್ಬರು ಅದರ ಜೊತೆ ಬಂದ ಪುಸ್ತಕ ನೋಡಿ, ಹತ್ತು, ಇಪ್ಪತ್ತು ಎಂದು ನಂಬರು ಹಾಕಿದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಬೇಕು, ಇನ್ನೊಬ್ಬರು ಹೊಡೆಯಬೇಕು. ಹುಡುಗರು ಕುರ್ಚಿಯಲ್ಲಿ ಕೂತು ಹೊಡೆದರು. ಅತ್ತೆಯ ಇಂಗ್ಲಿಷ್ ಉಚ್ಚಾರ ಸ್ಪಷ್ಟವಿತ್ತಂತೆ, ಹಾಗಾಗಿ ಆಕೆ ಓದಿದಳು. ಎರಡು ವರ್ಷ ಓದಿದಳು. ಪ್ರತಿ ಸಲ ಕೊನೆಗೆ ಪರದೆಯ ಎಡದಿಂದ ಬಲಕ್ಕೆ ಒಂದು ಹಕ್ಕಿ ಹಾರುತ್ತಿತ್ತಂತೆ.

ಅಂದಿನಿಂದ ಫಾಲು ಹಚ್ಚುವಾಗ, ರೊಟ್ಟಿ ಬಡಿಯುವಾಗ ಅತ್ತೆಯ ತುಟಿಗಳು ಅಲ್ಲಾಡುತ್ತಲೇ ಇರುತ್ತವೆ. "ಹತ್ತು, ಪ್ರಿಂಟ್... ಇಪ್ಪತ್ತು, ಲೆಟ್ ಎ ಈಕ್ವಲ್ಸ್ ಒನ್..." ಪಕ್ಕದ ಮನೆಯಾಕೆ ಇದು ಯಾವುದೋ ಗುರುಗಳ ಉಪದೇಶವೆಂದೇ ನಂಬಿದ್ದಳು.

"ಅಕ್ಕಾರ, ಹತ್ತು ಇಪ್ಪತ್ತು ಅಂತ ಜಪ ಎಣಸಾಕತ್ತೀರಿ. ಎಷ್ಟಕ್ಕ ಮುಗೀತದರಿ?"

"ಮುಗಿಯೂದಿಲ್ಲವ್ವ. ಕಡೀ ಸಾಲಿಗಿ ಬಂದ್ರ, ತಿರುಗಿ ಮೂವತ್ತಕ್ಕ ಹೋಗು ಅಂತದ."

"ಅಬ್ಬಾ! ಭಾಳ ಕಠಿಣ ಗುರುಗಳು!" ಎಂದು ಆಕೆ ಕೈಮುಗಿದಳು.

ಅತ್ತೆಯ ಆಸೆ ಒಂದೇ: ಅಂಥದೇ ಯಂತ್ರದ ಮುಂದೆ ಕೂತು, ಆ ಪ್ರೋಗ್ರಾಮನ್ನು ತನ್ನ ಬೆರಳಿನಿಂದ ಒಮ್ಮೆ ಹೊಡೆಯಬೇಕು. ನಾನು ವಿಶ್ವವಿದ್ಯಾಲಯ ಕಂಡು ಬಂದ ಜಾಣೆಯಲ್ಲವೇ, ನನ್ನ ಹಳೆಯ ಲ್ಯಾಪ್‌ಟಾಪ್ ಕೊಡುತ್ತೇನೆ ಎಂದೆ.

"ಬ್ಯಾಡವ್ವ. ಅದರಾಗ ಎಲ್ಲಾ ಮೊದಲೇ ತುಂಬಿರ್ತದ. ನಾ ಏನು ಹೇಳ್ಲಿ ಅದಕ್ಕ?"

ಬಸವಕಲ್ಯಾಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಅಟ್ಟದಲ್ಲಿ ಅಂಥದೊಂದು ಇದೆ ಎಂಬ ಸುದ್ದಿ ಸಿಕ್ಕಿತು. ಕಪ್ಪು ಬಣ್ಣದ್ದು. ಅಥವಾ ಚಹಾ ಬಣ್ಣದ್ದೋ? ಧೂಳು ಅಷ್ಟಿತ್ತು. ಅವರು ಎಂಟು ಸಾವಿರ ಎಂದರು. ಫ್ರಿಜ್ಜಿಗೆಂದು ಅತ್ತೆ ಕೂಡಿಟ್ಟದ್ದು ಐದು.

"ಉಳಿದದ್ದಕ್ಕ ನಿಮ್ಮ ಮನಿಯವರ ಸೀರಿಗಿ ಫಾಲು ಹಚ್ಚಿ ಕೊಡ್ತೀನ್ರಿ. ಎಷ್ಟಾದ್ರೂ ತರ್ರಿ!"

"ನಮ್ಮಾಕಿ ಹತ್ತು ವರ್ಷದಿಂದ ಬರೇ ನೈಟಿನೇ ಹಾಕ್ಕೋತಾಳ್ರಿ ಬಾಯೋರ!"

ಅತ್ತೆಯ ಮುಖ ಒಮ್ಮೆಲೇ ಇಳಿಯಿತು. ಅದನ್ನು ನೋಡಲಾರದೆ ಅವರೇ ತಲೆ ತುರಿಸಿಕೊಂಡು, "ಸೊಸೆಂದಿರು ಮೂರು ಮಂದಿ ಅದಾರ ಬಿಡ್ರಿ" ಎಂದರು. ಸೌದಾ ಕುದುರಿತು. ಆ ಮೂವರ ಸೀರೆಗಳು ಇಂದಿಗೂ ಬರುತ್ತಲೇ ಇವೆ.

ಬಸ್ಸಿನಲ್ಲಿ ಅತ್ತೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಏನ್ರೀ ಇದು, ಹಾರ್ಮೋನಿಯಮ್ಮಾ?" ಎಂದ ಕಂಡಕ್ಟರ್.

"ಹೌದ್ರಿ."

"ಭಜನಿಗಿ ಹೊಂಟೀರೇನು? ಒಂದು ಹಾಡ್ರಿ ಮತ್ತ, ದಾರಿ ಸಾಗ್ತದ."

ಅತ್ತೆ ಕಿಟಕಿಯ ಕಡೆ ಮುಖ ಮಾಡಿ, ಗಂಭೀರವಾಗಿ "ಹತ್ತು, ಪ್ರಿಂಟ್..." ಎಂದು ಶುರು ಮಾಡಿಯೇ ಬಿಟ್ಟಳು! ನಾನು ಇಳಿಯುವವರೆಗೆ ತಲೆ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯಿಂದ ತಂದ ಡಬ್ಬಾ ಟಿವಿಗೆ ಅದನ್ನು ಹಚ್ಚಿದೆವು. ಅತ್ತೆ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂತಳು. ನಾನು ಓದುತ್ತೇನೆ, ಬರೆದುಕೊಡು ಎಂದರೆ, "ಬ್ಯಾಡ, ನನಗ ಬರ್ತದ" ಎಂದಳು. ತಾನೇ ಗಟ್ಟಿಯಾಗಿ ಹೇಳುವಳು, ತಾನೇ ಹೊಡೆಯುವಳು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕೈ 'ಪಿ' ಅಕ್ಷರವನ್ನು ಕೀಬೋರ್ಡಿನ ತುಂಬ ಹುಡುಕಾಡಿತು. ಎರಡು ತಾಸು ಹಿಡಿಯಿತು. ಕೊನೆಯ ಗುಂಡಿ ಒತ್ತಿದಳು. ಎಡದಂಚಿನಿಂದ ಹಕ್ಕಿ ಬಂತು! ರೆಕ್ಕೆ ಬಡಿಯುತ್ತ ಪರದೆಯ ನಟ್ಟನಡುವಿಗೆ ಬಂದು ನಿಂತುಬಿಟ್ಟಿತು.

ಹೊಡೆದ ಸಾಲುಗಳನ್ನು ಮತ್ತೆ ತರಿಸಿ ನೋಡಿದೆ. ನೂರಾ ಇಪ್ಪತ್ತು, ನೂರಾ ಮೂವತ್ತು, ನೂರಾ ಐವತ್ತು. ಇಷ್ಟು ವರ್ಷ ಕೇಳಿದ ನಾವ್ಯಾರೂ ಗಮನಿಸಿರಲಿಲ್ಲ.

"ಅತ್ತಿ, ನೂರಾ ನಲವತ್ತು ಎಲ್ಲದ?"

ಅತ್ತೆ ಬೆರಳು ಮಡಿಸುತ್ತ ನೂರರಿಂದ ಮತ್ತೆ ಹೇಳಿಕೊಂಡು ಬಂದಳು.

"ನೂರಾ ಮೂವತ್ತಕ್ಕ ಬಂದ್ವಿ ಅಂದ್ರ ಎಲ್ಲಾರಿಗಿ ಚಹಾ ತಾ ಅಂತ ಒಳಗ ಕಳಸ್ತಿದ್ರು. ನಾ ಬರೂದ್ರಾಗ ಅದೊಂದು ಸಾಲು ನಿಮ್ಮಪ್ಪ ತಾನೇ ನೋಡಿ ಹೊಡದಿರ್ತಿದ್ದ. ಅದು ನಾ ಓದಿದ್ದೇ ಇಲ್ಲಲ್ಲ."

ಫೋನಿನಲ್ಲಿ ಹುಡುಕಿದರೆ ಸಿಕ್ಕೀತು ಎಂದೆ. ಬೇಡವೆಂದಳು. "ಹೊಡದಾಂವ ಅಂವ. ಅಂವಗೇ ಕೇಳು."

ಕಲಬುರಗಿಯಲ್ಲಿರುವ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅಪ್ಪ ನಕ್ಕರು. "ಸಾಲು ಯಾರಿಗಿ ನೆನಪಿರ್ತದವ್ವ! ಹಕ್ಕಿ ಹಾರ್ತಿತ್ತು, ಚಹಾ ಬರ್ತಿತ್ತು. ಚಹಾ ಮಾತ್ರ ಖರೇನೇ ಭಾಳ ಚಲೋ ಇರ್ತಿತ್ತು."

ಅತ್ತೆಯೂ ನಕ್ಕಳು. ನಗುತ್ತಲೇ ಸೆರಗಿನ ತುದಿಯಿಂದ ಟಿವಿಯ ಗಾಜನ್ನು, ಆ ಹಕ್ಕಿ ನಿಂತಿದ್ದಷ್ಟೇ ಜಾಗವನ್ನು, ಮೆಲ್ಲಗೆ ಒರೆಸಿದಳು. ಆಗ ನಾನು ಅಪ್ಪನಿಗೆ ಇನ್ನೊಂದು ಮಾತು ಕೇಳಿದೆ. ದಿನಚರಿಯಲ್ಲಿ ಬರೆದಿಟ್ಟದ್ದಕ್ಕಿಂತ ಮೆತ್ತಗೆ ಕೇಳಿದ್ದೆನೋ ಏನೋ. ಬಾಗಿಲಿಗೆ ಯಾರೋ ಬಂದಾರ ಎಂದು ಅಪ್ಪ ಫೋನಿಟ್ಟರು. ಆಮೇಲೆ ನಾಲ್ಕು ಸಲ ಮಾತಾಡಿದ್ದಾರೆ. ಬಿಸಿಲಿನ ಬಗ್ಗೆ, ತೊಗರಿಯ ಬಗ್ಗೆ, ಮೊಣಕಾಲಿನ ಬಗ್ಗೆ. ಅದರ ಬಗ್ಗೆ ಮಾತ್ರ ಇಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ಒಂದ್ ದಿನನಾದ್ರೂ ನೀವೇ ಎದ್ದು ಹೋಗಿ ಚಹಾ ತಂದು, ಆಕಿನ್ನ ಆ ಕುರ್ಚಿ ಮ್ಯಾಲ ಯಾಕ ಕೂಡಿಸಲಿಲ್ಲ?"